ದೂರು ಪುಸ್ತಕದ ಎಂಬತ್ತೇಳನೇ ಹಾಳೆ

ವರ್ಷಕ್ಕೊಮ್ಮೆ ಹೆಣ್ಣುಮಕ್ಕಳ ಕಾಲೇಜಿನವರು ನನ್ನನ್ನು ಕರೆಸಿ, ವೇದಿಕೆಯ ಮೇಲೆ ಕೂರಿಸಿ, ಕೆಲಸಕ್ಕೆ ಸೇರಲಿರುವ ವಿದ್ಯಾರ್ಥಿನಿಯರಿಗೆ ನಾಲ್ಕು ಮಾತು ಹೇಳಿ ಎನ್ನುತ್ತಾರೆ. ನನ್ನ ಬಳಿ ನಾಲ್ಕಿಲ್ಲ, ಇರುವುದು ಒಂದೇ. ಯಾವುದಾದರೂ ಕಚೇರಿಗೆ ಹೋಗಿ, ಕೈಲಾಗದವರೊಬ್ಬರ ಪರವಾಗಿ ಒಂದು ಬೆಳಗ್ಗೆ ಸಾಲಿನಲ್ಲಿ ನಿಂತು ಬನ್ನಿ, ಆಮೇಲೆ ಯಾವ ಕೆಲಸ ಬೇಕೆಂದು ಮಾತಾಡೋಣ. ಇಷ್ಟು ಹೇಳಿದರೆ ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈ ಸಲ ಒಬ್ಬಳು ಎದ್ದು ನಿಂತೇ ಕೇಳಿದಳು, "ಮೇಡಂ, ಸಾಲಿನಲ್ಲಿ ನಿಲ್ಲೋಕೂ ಡಿಗ್ರಿ ಬೇಕಾ?"

ಸಭೆಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿದೆ. ನನ್ನನ್ನು ಸಾಕಿದ ದೊಡ್ಡಮ್ಮ 'ಮೆಣಸಿನಕಾಯಿ' ಎಂದೇ ಕರೆಯುತ್ತಿದ್ದಳು, ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಆದರೆ ಆ ಹುಡುಗಿಯ ಮೇಲೆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಕೇಳಿದ್ದೆ, ಅವಳಿಗಿಂತ ಜೋರಾಗಿ. ವೇದಿಕೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಸಲಹೆ ಕೊಡುವ ಕೋಣೆ ಅಂತ ಒಂದಿತ್ತು. ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಜಾಗ, ಎದ್ದು ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು. ಅಲ್ಲಿ ಇತಿಹಾಸದ ಮೇಡಂ ಕೂರುತ್ತಿದ್ದರು. ಹುಡುಗಿಯರು ಹೋಗಿ ಮುಂದೇನು ಮಾಡಲಿ ಎಂದು ಕೇಳುವುದು, ಅವರು ಹೇಳುವುದು, ಹೀಗೆ. ನಾನು ಹೋಗಿ, "ದೊಡ್ಡ ಕೆಲಸ ಬೇಕು ಮೇಡಂ" ಎಂದೆ.

"ದೊಡ್ಡದು ಅಂದ್ರೆ?"

"ನಾನು ಹೇಳಿದ್ರೆ ನಾಲ್ಕು ಜನ ಕೇಳೋ ಅಂಥದ್ದು."

ಮೇಡಂ ಕನ್ನಡಕ ಒರೆಸಿಕೊಂಡು ನಕ್ಕರು. "ನಿಮ್ಮನೇಲಿ ಯಾರ್ದಾದ್ರೂ ಅರ್ಜಿ ಕೊಡೋದು ಬಾಕಿ ಇದೆಯಾ?"

ಇತ್ತು. ದೊಡ್ಡಮ್ಮನದು. ಮಾರುಕಟ್ಟೆಯ ಮೆಟ್ಟಿಲ ಪಕ್ಕ ಅವಳದೊಂದು ಹೊಲಿಗೆ ಮಳಿಗೆ, ಎರಡು ಮೆಷಿನ್ನು ಹಿಡಿಸುವಷ್ಟು ಜಾಗ. ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು, ಮಳಿಗೆಯ ಪರವಾನಗಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ಶುಕ್ರವಾರ ಸಂಜೆ ಐದರೊಳಗೆ ಅವಳ ಹೆಸರಿಗೆ ಬದಲಾಯಿಸುವ ಅರ್ಜಿ ಸರಿಯಾಗಿ ಸೇರದಿದ್ದರೆ ಮಳಿಗೆ ಖಾಲಿ ಎಂದು ಬರೆದುಕೊಂಡು ಬೇರೆಯವರಿಗೆ ಚೀಟಿ ಎತ್ತುತ್ತಾರೆ ಎಂದು ನಗರಸಭೆಯಿಂದ ಕಾಗದ ಬಂದಿತ್ತು. ನಲವತ್ತು ವರ್ಷ ಮೆಷಿನ್ ತುಳಿದು ದೊಡ್ಡಮ್ಮನ ಕಾಲು ಊದಿಕೊಂಡಿತ್ತು, ಅರ್ಧ ಗಂಟೆ ನಿಂತರೆ ಕೂತುಬಿಡುತ್ತಿದ್ದಳು. ಆ ಮಳಿಗೆ ಹೋದರೆ ನಮಗೆ ಬೇರೆ ಗತಿ ಇರಲಿಲ್ಲ. ನಾನು ಅಪ್ಪ ಅಮ್ಮ ಇಲ್ಲದವಳು, ನನ್ನ ಅನ್ನ, ಬಟ್ಟೆ, ಓದು ಎಲ್ಲ ಆ ಮೆಷಿನ್ನಿನ ಕೆಳಗಿಂದಲೇ ಬಂದದ್ದು.

"ಅವರ ಪರವಾಗಿ ನೀನು ಹೋಗಿ ಸಾಲಿನಲ್ಲಿ ನಿಂತ್ಕೊಂಡು ಬಾ. ಬಂದು ಏನು ನೋಡ್ದೆ ಅಂತ ಹೇಳು. ಆಮೇಲೆ ನಿನ್ನ ದೊಡ್ಡ ಕೆಲಸದ ಮಾತು."

"ಸಾಲಿನಲ್ಲಿ ನಿಲ್ಲೋಕೆ ನಾನು ಇಷ್ಟು ಓದ್ಬೇಕಿತ್ತಾ ಮೇಡಂ?" ಎಂದೆ. ಮೇಡಂ ಮತ್ತೆ ನಕ್ಕರು. ಅವರ ಹತ್ತಿರ ಬಂದ ಹುಡುಗಿಯರೆಲ್ಲ ಹೀಗೆ ಒಂದೊಂದು ಸಾಲಿಗೆ ಹೋಗಿ ಬಂದವರೇ ಎಂದು ಆಮೇಲೆ ಗೊತ್ತಾಯಿತು.

ಅರ್ಜಿಯನ್ನು ನಾನೇ ತುಂಬಿದೆ. ನನ್ನ ಅಕ್ಷರ ದುಂಡು ದುಂಡಾಗಿ ಮುತ್ತು ಪೋಣಿಸಿದ ಹಾಗಿತ್ತು, ಅದರ ಮೇಲೆ ನನಗೆ ಬಹಳ ಜಂಬ. ಕೆಳಗೆ ದೊಡ್ಡಮ್ಮನ ಸಹಿ ಹಾಕಿಸಿಕೊಂಡು ಸೋಮವಾರ ಬೆಳಗ್ಗೆ ನಗರಸಭೆಗೆ ಹೋದೆ.

ಉದ್ದನೆಯ ಹಾಲು. ಒಂದು ಕೊನೆಯಲ್ಲಿ ತಂತಿ ಜಾಲರಿಯ ಎರಡು ಕಿಟಕಿ, ಎರಡರಲ್ಲೂ ಒಂದೇ ಕೆಲಸ. ಒಂದನೇ ಕಿಟಕಿಯಲ್ಲಿ ಒಬ್ಬ ಗುಮಾಸ್ತ, ಎರಡನೆಯದರಲ್ಲಿ ಒಬ್ಬ ಹೆಂಗಸು. ಹೆಂಗಸು ಇರುವ ಕಡೆ ಬೇಗ ಆಗುತ್ತದೆ ಎಂದು ಎರಡನೇ ಸಾಲಿಗೆ ನಿಂತೆ. ಅಯ್ಯೋ ನನ್ನ ಲೆಕ್ಕಾಚಾರವೇ! ಒಂದನೇ ಸಾಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸರಸರ ಮುಂದೆ ಹೋಗುತ್ತಿದೆ. ಗುಮಾಸ್ತ ಕಾಗದ ತಗೊಂಡ, ಮೊಹರು ಹೊಡೆದ, "ನೆಕ್ಸ್ಟ್" ಎಂದ. ಸಾಲಿನವರು ಅವನನ್ನು 'ಎಕ್ಸ್‌ಪ್ರೆಸ್' ಎನ್ನುತ್ತಿದ್ದರು. ನಮ್ಮ ಕಡೆಯ ಹೆಂಗಸಿಗೆ 'ಆಮೆ' ಎಂದು ಹೆಸರು. ಒಬ್ಬೊಬ್ಬರ ಹತ್ತಿರವೂ ಹತ್ತು ನಿಮಿಷ, ಹದಿನೈದು ನಿಮಿಷ. ಜಾಲರಿಯ ತೂತಿನ ಹತ್ತಿರ ಮುಖ ತಂದು ಅದೇನೋ ಗುಸುಗುಸು.

"ಒಳಗೆ ಹರಟೆ ನಡೀತಿದೆ, ಇಲ್ಲಿ ನಮ್ಮ ಕಾಲು ಬಿದ್ದುಹೋಗ್ತಿದೆ" ಎಂದೆ ಜೋರಾಗಿ. ಮುಂದಿನ ಮುದುಕಿ ತಿರುಗಿ ನೋಡಿದಳು.

ಎರಡೂವರೆ ಗಂಟೆ ಹೊತ್ತು ನಿಂತೆ. ನನ್ನ ಮುಂದೆ ಇನ್ನು ಇಬ್ಬರೇ ಎನ್ನುವಾಗ ಅಟೆಂಡರ್ ತಾತ ಬಂದು ಊಟದ ಹೊತ್ತಾಯಿತೆಂದು ಕಿಟಕಿಯ ಪರದೆಯನ್ನು ಟಪ್ಪೆಂದು ಇಳಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಮೈಯೆಲ್ಲ ಉರಿಯಿತು.

"ದೂರು ಎಲ್ಲಿ ಕೊಡ್ಬೇಕು?"

ತಾತ ಬಾಗಿಲ ಕಡೆ ಬೆರಳು ತೋರಿಸಿದ. ಅಲ್ಲಿ ಗೋಡೆಗೆ ಸರಪಳಿಯಲ್ಲಿ ಕಟ್ಟಿದ ದಪ್ಪ ಪುಸ್ತಕ, ಎತ್ತರದ ಮೇಜು. ನಿಂತುಕೊಂಡೇ ಬರೆದೆ. ಹಾಳೆಯ ಮೇಲಿಂದ ಕೆಳಗಿನವರೆಗೆ, ಒಂದು ಅಕ್ಷರ ಹೊಡೆಯದೆ, ತಿದ್ದದೆ. ಎರಡನೇ ಕಿಟಕಿಯಲ್ಲಿ ಕೂರಿಸಿರುವ ಮಹಿಳೆಗೆ ಕೆಲಸದ ಗಂಧಗಾಳಿಯೂ ಇಲ್ಲ, ಸಾರ್ವಜನಿಕರ ಸಮಯಕ್ಕೆ ಎಳ್ಳಷ್ಟೂ ಬೆಲೆಯಿಲ್ಲ, ಇಂಥವರನ್ನು ಒಳಗೆ ಕಡತ ಜೋಡಿಸಲು ಕಳಿಸುವುದು ಒಳ್ಳೆಯದು ಎಂದು ಬರೆದೆ. ಕೊನೆಗೆ ದಿನಾಂಕ, ವಿಳಾಸ, ಸಹಿ. ತಾತ ಇಣುಕಿ ನೋಡಿ, "ಇದು ಮೂರನೇದು" ಎಂದು ಗೊಣಗಿದ. ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಊಟದ ನಂತರ ಒಂದನೇ ಸಾಲಿಗೆ ಹಾರಿದೆ. ಎಕ್ಸ್‌ಪ್ರೆಸ್ ನನ್ನ ಅರ್ಜಿ ತಗೊಂಡು 'ಸ್ವೀಕರಿಸಲಾಗಿದೆ' ಎಂದು ಮೊಹರು ಹೊಡೆದ ಚೀಟಿ ಕೈಗಿಟ್ಟ. ಅರ್ಧ ನಿಮಿಷ. ನಾನು ಯುದ್ಧ ಗೆದ್ದವಳ ಹಾಗೆ ಮನೆಗೆ ಬಂದೆ.

ಮರುದಿನ ಮೇಡಂ ಎದುರು ಕೂತು ಎಲ್ಲವನ್ನೂ ಹೇಳಿದೆ, ದೂರಿನ ಮಾತನ್ನಂತೂ ಇನ್ನಷ್ಟು ಬಣ್ಣ ಕಟ್ಟಿ. ಮೇಡಂ ನಗಲಿಲ್ಲ.

"ಒಂದನೇ ಕಿಟಕಿಯವರು ನಿನ್ನ ಅರ್ಜಿ ಓದಿದ್ರಾ?"

"ಓದೋದ್ಯಾಕೆ? ತಗೊಂಡ್ರಲ್ಲ."

"ಹ್ಞೂಂ. ನಾಳೆ ಕ್ಲಾಸಿಗೆ ಬರ್ಬೇಡ. ಅಲ್ಲೇ ಹೋಗಿ ಬೆಂಚಿನ ಮೇಲೆ ಕೂತ್ಕೋ. ಸಾಲಿನಲ್ಲಿ ನಿಲ್ಬೇಡ, ಸುಮ್ನೆ ನೋಡು. ಯಾವ ಸಾಲಿನಿಂದ ಹೋದೋರು ವಾಪಸ್ ಬರ್ತಾರೆ, ಯಾವ ಸಾಲಿನಿಂದ ಹೋದೋರು ಬರಲ್ಲ, ಅಷ್ಟು ನೋಡ್ಕೊಂಡು ಬಾ."

ಬುಧವಾರ ಬೆಳಗ್ಗಿಂದ ಸಂಜೆವರೆಗೆ ಕೂತೆ. ಮೊದಲ ಒಂದು ಗಂಟೆ ಏನೂ ಕಾಣಲಿಲ್ಲ. ಆಮೇಲೆ ಒಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದಳು, ಒಂದನೇ ಸಾಲಿಗೆ. ಕೈಯಲ್ಲಿ ಮೊಹರು ಬಿದ್ದ ಹಳೆಯ ಅರ್ಜಿ, ಜೊತೆಗೆ ಅಂಚೆಯಲ್ಲಿ ಬಂದ ಚೀಟಿ. ಪಕ್ಕದಲ್ಲಿ ಕೂತಾಗ ಕೇಳಿದೆ.

"ಮೂರನೇ ಸಲ ಕಣಮ್ಮ. ಒಂದ್ಸಲ ಇದಿಲ್ಲ ಅಂತ ಚೀಟಿ, ಇನ್ನೊಂದ್ಸಲ ಅದಿಲ್ಲ ಅಂತ ಚೀಟಿ. ಎಲ್ಲಾ ಒಟ್ಟಿಗೆ ಹೇಳಿದ್ರೆ ಇವರಪ್ಪನ ಗಂಟು ಹೋಗ್ತಿತ್ತಾ?"

ಮಧ್ಯಾಹ್ನದೊಳಗೆ ಅಂಥವರು ಒಂಬತ್ತು ಜನ ಸಿಕ್ಕರು. ಎಕ್ಸ್‌ಪ್ರೆಸ್ ಸಾಲು ಓಡುತ್ತಿದ್ದದ್ದು ಯಾಕೆಂದರೆ ಅಲ್ಲಿ ಯಾರೂ ಯಾವ ಕಾಗದವನ್ನೂ ಓದುತ್ತಿರಲಿಲ್ಲ. ಅರ್ಜಿ ಒಳಗೆ ಹೋಗುತ್ತಿತ್ತು, ತಪ್ಪು ಸಿಗುತ್ತಿತ್ತು, ವಾರದ ಮೇಲೆ ತಿರಸ್ಕಾರದ ಚೀಟಿ ಮನೆಗೆ ಬರುತ್ತಿತ್ತು. ಎರಡನೇ ಸಾಲಿನಿಂದ ವಾಪಸ್ ಬಂದವರು ಇಡೀ ದಿನದಲ್ಲಿ ಒಬ್ಬರೂ ಇಲ್ಲ. ಎದ್ದು ಹೋಗಿ ಆ ಕಿಟಕಿಯ ಪಕ್ಕದ ಕಂಬಕ್ಕೆ ಒರಗಿ ಕಿವಿಗೊಟ್ಟೆ. ಆಮೆ ಒಬ್ಬ ಮುದುಕಿಗೆ ಅವಳದೇ ಅರ್ಜಿಯನ್ನು ಸಾಲು ಸಾಲಾಗಿ ಓದಿ ಹೇಳುತ್ತಿದ್ದಳು.

"ಅಜ್ಜೀ, ಇಲ್ಲಿ ಹಳೇ ಬೀದಿ ವಿಳಾಸ ಬರ್ದಿದ್ದಾರೆ. ಈಗ ಎಲ್ಲಿದ್ದೀರಿ? ಮಗಳ ಮನೇಲಾ? ಹಾಗಾದ್ರೆ ಆ ವಿಳಾಸ ಹೇಳಿ, ನಾನೇ ಬರೀತೀನಿ. ಇಲ್ಲಾಂದ್ರೆ ಕಾಗದ ಹಳೇ ಮನೆಗೆ ಹೋಗಿ ಬಾಗಿಲಲ್ಲಿ ಬಿದ್ದಿರುತ್ತೆ."

ಮುದುಕಿಗೆ ಕಿವಿ ಮಂದ. ಆಮೆ ಮೂರು ಸಲ ಹೇಳಿದಳು, ಮೂರು ಸಲವೂ ಒಂದೇ ದನಿಯಲ್ಲಿ. ನಾನು ಹರಟೆ ಎಂದು ಬರೆದದ್ದು ಇದನ್ನೇ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಅಟೆಂಡರ್ ತಾತನನ್ನು ಹಿಡಿದುಕೊಂಡು ಕೇಳಿದೆ, "ಮೂರನೇದು ಅಂದ್ರಲ್ಲ, ಏನದು?"

"ಈ ಕಚೇರೀಲಿ ಕಿಟಕೀಲಿ ಕೂತ ಮೊದಲ್ನೇ ಹೆಂಗಸು ಅವರು. ಆರು ತಿಂಗಳು ನೋಡೋಣ, ಮೂರು ದೂರು ಬಂದ್ರೆ ಒಳಗೆ ಕಳ್ಸೋದು ಅಂತ ಸಾಹೇಬ್ರ ಮಾತು. ಮೊದಲ್ನೇ ಎರಡು ಬಂದು ಬಹಳ ದಿನ ಆಗಿತ್ತು. ನಿಂದು ಮೂರನೇದು. ಶನಿವಾರ ಸಾಹೇಬ್ರು ಪುಸ್ತಕ ನೋಡ್ತಾರೆ."

"ಆ ಹಾಳೆ ಹರಿದುಬಿಡ್ತೀನಿ ತಾತ."

"ಹಾಳೆಗೆಲ್ಲಾ ನಂಬರ್ ಹಾಕಿದೆ, ತಾಯಿ. ನಿಂದು ಎಂಬತ್ತೇಳು. ಹರಿದ್ರೆ ನನ್ನ ಕೆಲ್ಸ ಹೋಗುತ್ತೆ. ವಾಪಸ್ ತಗೋತೀನಿ ಅಂದ್ರೂ ಲೆಕ್ಕಕ್ಕೆ ಇರೋದು ಇರುತ್ತೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ದೊಡ್ಡಮ್ಮ ನನಗೆ ದಿನಕ್ಕೆರಡು ಸಲ ಹೇಳುತ್ತಿದ್ದಳು. ಅವತ್ತು ಮೊದಲ ಸಲ ಅದು ತಲೆಗೆ ಹೋಯಿತು, ಕೊಯ್ದದ್ದು ಬೇರೆಯವರ ಮೂಗನ್ನು ಎಂಬುದೂ ಸೇರಿ. ಆ ಕ್ಷಣವೇ ಎರಡನೇ ಕಿಟಕಿಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಹೋಗಲಿಲ್ಲ. ಮುಖ ತೋರಿಸಲು ಧೈರ್ಯ ಸಾಲಲಿಲ್ಲ. ನಮ್ಮ ಅರ್ಜಿಯಲ್ಲೂ ಏನಾದರೂ ತಪ್ಪಿದೆಯಾ ಎಂದು ಎಕ್ಸ್‌ಪ್ರೆಸ್‌ನನ್ನು ಕೇಳಿದರೆ, "ಅದು ಒಳಗೆ ಹೋಯ್ತು. ಏನಿದ್ರೂ ಪೋಸ್ಟಲ್ಲಿ ಬರುತ್ತೆ, ನೆಕ್ಸ್ಟ್" ಎಂದ. ಪೋಸ್ಟು ಬರುವ ಹೊತ್ತಿಗೆ ಶುಕ್ರವಾರ ಮುಗಿದಿರುತ್ತದೆ.

ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಮೇಡಂ ಹತ್ತಿರ ಹೋದೆ. ಅವರು ಬೈಯಲಿಲ್ಲ. ಬೀರುವಿನಿಂದ ಒಂದು ನೋಟ್‌ಬುಕ್ ತೆಗೆದರು. ಈ ನಗರದ ಹೆಂಗಸರ ಬಗ್ಗೆ ಹಳೆಯ ಕಾಗದಗಳಲ್ಲಿ ಏನಿದೆ ಎಂದು ಹತ್ತು ವರ್ಷದಿಂದ ಹುಡುಕಿ ಬರೆದುಕೊಂಡದ್ದು.

"ಕೇಳು. ಇಲ್ಲಿಯ ಮೊದಲ್ನೇ ಹೆಣ್ಣು ಟೈಪಿಸ್ಟು. ಅವಳ ಬಗ್ಗೆ ಸಿಕ್ಕಿರೋದು ಒಂದೇ ಕಾಗದ: ಟೈಪ್ ಶಬ್ದ ಬಹಳ ಜೋರು ಅಂತ ದೂರು. ನೀರಿನ ಮೀಟರ್ ಓದೋಕೆ ಬಂದ ಮೊದಲ್ನೇ ಹೆಂಗಸು: ಸೈಕಲ್ ಹತ್ತಿ ಬಂದಳು ಅಂತ ದೂರು. ನಗರಸಭೆಗೆ ಗೆದ್ದು ಬಂದ ಮೊದಲ್ನೇ ಸದಸ್ಯೆ: ಪ್ರಶ್ನೆ ಕೇಳಿ ಕೇಳಿ ಸಭೆ ತಡ ಮಾಡಿದ್ರು ಅಂತ ದೂರು. ಅವರು ಮಾಡಿದ ಕೆಲ್ಸದ ಬಗ್ಗೆ ಯಾರೂ ಒಂದು ಸಾಲು ಬರೀಲಿಲ್ಲ. ಉಪಕಾರ ಆದೋರು ಸಂತೋಷವಾಗಿ ಮನೆಗೆ ಹೋದ್ರು. ಸಿಟ್ಟು ಬಂದೋರು ಮಾತ್ರ ಪೆನ್ನು ಹಿಡಿದ್ರು." ನೋಟ್‌ಬುಕ್ ಮುಚ್ಚಿ ನನ್ನನ್ನು ನೋಡಿದರು. "ಐವತ್ತು ವರ್ಷ ಆದ್ಮೇಲೆ ನನ್ನಂಥೋಳು ಇನ್ನೊಬ್ಬಳು ನಿನ್ನ ಹಾಳೆ ಓದ್ತಾಳೆ. ನಿನ್ನ ಅಕ್ಷರ ಬೇರೆ ಚೆನ್ನಾಗಿದೆ, ಅದೇ ಸಂಕಟ."

ನಾನು ಅತ್ತುಬಿಟ್ಟೆ. ಮೇಡಂ ಅಳಲು ಬಿಟ್ಟರು, ಆಮೇಲೆ ಕೇಳಿದರು, "ಆ ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆ ಇದ್ಯಾ?"

ಇದ್ದವು.

ಮನೆಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಮಳಿಗೆಯ ಮಾತು ಬಂದಾಗ ಅವಳ ಕೈ ಮೆಷಿನ್ನಿನ ಚಕ್ರದ ಮೇಲೆ ನಿಂತಿತು. ಬೈಯುತ್ತಾಳೆ ಅಂದುಕೊಂಡೆ.

"ಮಳಿಗೆದು ಹಣೇಲಿ ಬರ್ದಂಗಾಗುತ್ತೆ. ಆ ಹೆಣ್ಣುಮಗಳ ಹಣೇಲಿ ಬರ್ದಿದ್ದು ನೀನು. ಮೊದಲು ಅದನ್ನ ನೋಡು" ಎಂದಳು. ಗೂಡಿನಿಂದ ಅಳತೆ ಪುಸ್ತಕ ತೆಗೆದಳು. ಅವಳ ಬಳಿ ಬಟ್ಟೆ ಹೊಲಿಸುವ ಹೆಂಗಸರೆಲ್ಲರ ಎದೆ, ಸೊಂಟ, ತೋಳಿನ ಅಳತೆ ಅದರಲ್ಲಿದೆ, ಪಕ್ಕದಲ್ಲೇ ಮನೆ ಎಲ್ಲಿ ಎಂದೂ ಇದೆ. "ಇವರಲ್ಲಿ ಅರ್ಧ ಜನ ಆ ಕಿಟಕಿಗೆ ಹೋಗಿ ಬಂದಿರ್ತಾರೆ. ಬಟ್ಟೆ ಕೊಡೋಕೆ ಬಂದಾಗ ಅದೇ ಮಾತು ಆಡ್ತಾರೆ. ಹೋಗಿ ಕೇಳು."

ಗುರುವಾರವಿಡೀ ಸುತ್ತಿದೆ. ಮೆಟ್ಟಿಲು ಹತ್ತಿದೆ, ಇಳಿದೆ, ಬಾಗಿಲು ತಟ್ಟಿದೆ. ದೊಡ್ಡಮ್ಮನ ಮಾತು ನಿಜವಾಗಿತ್ತು. ಹಾಸ್ಟೆಲಿನ ಅಡುಗೆಯವಳು, ಬಟ್ಟೆ ಒಗೆಯುವವಳು, ಔಷಧಿ ಅಂಗಡಿಯ ಅಕ್ಕ, ಎಲ್ಲರಿಗೂ ಆ ಕಿಟಕಿ ಗೊತ್ತು. "ಅಯ್ಯೋ, ಅವರಾ! ನನ್ನ ಕಾಗದಕ್ಕೆ ಅವರೇ ಪಿನ್ನು ಹೊಡೆದು ಕೊಟ್ರು" ಎನ್ನುವವರೇ. ಬಂದು ಪುಸ್ತಕದಲ್ಲಿ ಬರೆಯಿರಿ ಎಂದರೆ ಮಾತ್ರ ಹಿಂದೆ ಸರಿಯುವರು.

"ದೂರು ಪುಸ್ತಕದಲ್ಲಿ ಒಳ್ಳೇದು ಬರೀತಾರೇನೇ? ನಾಳೆ ಅದು ನಮ್ಮ ಬುಡಕ್ಕೇ ಬಂದ್ರೆ?"

"ನನ್ನ ಅಕ್ಷರ ಕೋಳಿ ಕೆದರಿದಂಗಿದೆ, ಬೇಡಮ್ಮ."

ಯಾರಿಂದಲೂ ಹೌದೆನ್ನಿಸಲು ಆಗಲಿಲ್ಲ. ಕೊನೆಗೆ ನಾನೇ ಮಾಡಿದ್ದನ್ನು ಬಿಚ್ಚಿ ಹೇಳತೊಡಗಿದೆ. ಅವರ ಮೇಲೆ ಮೂರನೇ ದೂರು ಬರೆದವಳು ನಾನೇ, ತಪ್ಪು ನನ್ನದು, ನೀವು ಬರದಿದ್ದರೆ ಶನಿವಾರ ಅವರ ಕಿಟಕಿ ಹೋಗುತ್ತದೆ. ಕೆಲವರು ಚೆನ್ನಾಗಿ ಬೈದರು. ಬಟ್ಟೆ ಒಗೆಯುವವಳು ಬೈದಷ್ಟು ಜನ್ಮದಲ್ಲಿ ಯಾರೂ ನನ್ನನ್ನು ಬೈದಿಲ್ಲ. ಬೈದವರೇ ಕೊನೆಗೆ "ಎಷ್ಟು ಗಂಟೆಗೆ ಬರ್ಬೇಕು?" ಎಂದರು.

ಶುಕ್ರವಾರ ಹನ್ನೊಂದಕ್ಕೆ ಮೂವರು ಬಂದರು. ಹನ್ನೆರಡಕ್ಕೆ ಹತ್ತು ಜನ. ಊಟದ ಹೊತ್ತಿಗೆ ದೂರು ಪುಸ್ತಕದ ಮುಂದೆ ಹಾಲಿನ ಮೂರನೇ ಸಾಲು ನಿಂತಿತ್ತು. ಬರೆಯಲು ಬರುವವರು ಬರೆದರು. ಬಾರದವರು ಹೇಳಿದ್ದನ್ನು ಬಟ್ಟೆ ಒಗೆಯುವವಳ ಮಗಳು ಬರೆದಳು, ಅವರು ಹೆಬ್ಬೆಟ್ಟು ಒತ್ತಿದರು. ನನ್ನ ಕೈಯಲ್ಲಿ ಬರೆಸಲು ಯಾರೂ ಒಪ್ಪಲಿಲ್ಲ. "ನೀನು ಬರ್ದಿದ್ದು ಸಾಕು" ಎಂದರು. ಅಟೆಂಡರ್ ತಾತ ದಿಕ್ಕೇ ತೋಚದೆ ಮಸಿ ಡಬ್ಬಿ ತಂದುಕೊಟ್ಟ. ಮೂರು ಗಂಟೆಯ ಹೊತ್ತಿಗೆ ದೊಡ್ಡಮ್ಮ ಬಂದಳು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಯ ಮೇಲೆ.

"ನೀನ್ಯಾಕೆ ಬಂದೆ? ನಿನ್ನ ಅರ್ಜಿ ಅವರ ಹತ್ರ ಹೋಗೇ ಇಲ್ವಲ್ಲ!"

"ನಾನು ಸಾಕಿದ ಮೆಣಸಿನಕಾಯಿ ತಾನೇ ಅವರ ಕಣ್ಣಿಗೆ ಬಿದ್ದಿದ್ದು? ನಾನೂ ಎರಡಕ್ಷರ ಬರೀತೀನಿ, ಸರಿ."

ಪೆನ್ನು ಹಿಡಿದು ತಾತನನ್ನು ಕೇಳಿದಳು, "ಜಾಗ ಸಾಲ್ದಿದ್ರೆ ಹಿಂದೆ ಬರೀಬಹುದಾ?"

"ಹಿಂದೆ ಬರೀಬಾರ್ದಮ್ಮ. ಅಲ್ಲಿ ದೂರು ಯಾರ ಮೇಲಿದೆಯೋ ಅವರು ಉತ್ತರ ಬರೀಬೇಕು, ಅದರ ಕೆಳಗೆ ಸಾಹೇಬ್ರು ಷರಾ ಬರೀಬೇಕು."

ಹಿಂದೆ ಉತ್ತರ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪುಸ್ತಕ ಎಳೆದುಕೊಂಡು ಎಂಬತ್ತೇಳನೇ ಹಾಳೆ ಹುಡುಕಿ ತಿರುಗಿಸಿದೆ. ಸಣ್ಣ, ನೇರವಾದ ಅಕ್ಷರ. ಮಂಗಳವಾರದ ತಾರೀಕು.

'ನಾನು ನಿಧಾನ ಎಂಬುದು ನಿಜ. ದೂರುದಾರರು ಕೊಟ್ಟ ವಿಳಾಸದಿಂದ ಅವರ ಮನೆಯ ಅರ್ಜಿಯನ್ನು ಒಂದನೇ ಕಿಟಕಿಯ ಕಟ್ಟಿನಲ್ಲಿ ಹುಡುಕಿ ನೋಡಿದೆ. ಮುಂಭಾಗ ಸರಿಯಾಗಿದೆ. ಹಿಂಭಾಗದ ಘೋಷಣೆ ತುಂಬಿಲ್ಲ, ಅದಕ್ಕೆ ಅರ್ಜಿದಾರರು ನನ್ನ ಎದುರಿಗೇ ಸಹಿ ಹಾಕಬೇಕು. ಶುಕ್ರವಾರ ಐದು ಗಂಟೆಯೊಳಗೆ ಬಂದರೆ ಸಾಕು. ಅರ್ಜಿ ಒಳಗೆ ಹೋಗಿ ತಿರಸ್ಕೃತವಾಗದಂತೆ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.'

ಅಷ್ಟೇ. ತನ್ನನ್ನು ಉಳಿಸಿಕೊಳ್ಳಲು ಕೊಟ್ಟಿದ್ದ ಜಾಗದಲ್ಲಿ ಆಕೆ ತನ್ನ ಬಗ್ಗೆ ಒಂದೇ ಸಾಲು ಬರೆದುಕೊಂಡಿದ್ದಳು, ಅದೂ ನನ್ನ ಮಾತನ್ನು ಒಪ್ಪಿ. ಉಳಿದದ್ದೆಲ್ಲ ನಮ್ಮ ಮಳಿಗೆಯ ಬಗ್ಗೆ. ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ತುಂಬಿದ ನಾನು ಹಾಳೆಯ ಹಿಂಬದಿ ನೋಡಿಯೇ ಇರಲಿಲ್ಲ. ದೊಡ್ಡಮ್ಮ ಅವತ್ತು ಎರಡಕ್ಷರ ಬರೆಯುತ್ತೇನೆಂದು ಕಾಲೆಳೆದುಕೊಂಡು ಬಾರದೆ ಹೋಗಿದ್ದರೆ, ಜಾಗದ ಪ್ರಶ್ನೆ ಕೇಳದೆ ಹೋಗಿದ್ದರೆ, ಏನಾಗುತ್ತಿತ್ತೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಗಡಿಯಾರದಲ್ಲಿ ಮೂರೂಕಾಲು. ದೊಡ್ಡಮ್ಮನನ್ನು ಬೆಂಚಿನಲ್ಲಿ ಕೂರಿಸಿ ಎರಡನೇ ಸಾಲಿಗೆ ಓಡಿದೆ. ಮುಂದೆ ಹದಿಮೂರು ಜನ. ಹದಿಮೂರು ಜನ, ಆಮೆಯ ನಡಿಗೆ, ಐದಕ್ಕೆ ಪರದೆ ಬೀಳುತ್ತದೆ. ಮುಂದೆ ನಿಂತಿದ್ದ ಒಬ್ಬಾಕೆ ಬಾ, ನನ್ನ ಮುಂದೆ ನಿಲ್ಲು ಎಂದಳು. ನಾನು ಹೆಜ್ಜೆ ಎತ್ತಿದ್ದೆ, ದೊಡ್ಡಮ್ಮ ಬೆಂಚಿನಿಂದಲೇ ಗದರಿದಳು, "ಮಧ್ಯದಲ್ಲಿ ಇರೋರಿಗೂ ಇವತ್ತೇ ಕೊನೇ ದಿನ ಇರಬಹುದು ಕಣೇ. ಸುಮ್ನೆ ನಿಂತ್ಕೋ!"

ನಿಂತೆ. ಗಡಿಯಾರ ನೋಡುವುದು, ಸಾಲು ಎಣಿಸುವುದು, ಅಷ್ಟೇ ಮಾಡಿದೆ. ಒಬ್ಬೊಬ್ಬರಿಗೂ ಅವರವರ ಅರ್ಜಿ ಓದಿ ಹೇಳುವುದು ಕೇಳಿಸುತ್ತಿತ್ತು. ಐದಕ್ಕೆ ಸರಿಯಾಗಿ ತಾತ ಬಂದು ಪರದೆಗೆ ಕೈ ಹಾಕಿದಾಗ ನನ್ನ ಮುಂದೆ ಇನ್ನೂ ಇಬ್ಬರಿದ್ದರು. ಸೋಮವಾರದ ಹಾಗೆಯೇ ಇಬ್ಬರು. ಪರದೆ ಟಪ್ಪೆಂದು ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಕೆಳಗೆ ಮರದ ರೂಲು ಕೋಲು ಅಡ್ಡ ನಿಂತಿತ್ತು.

"ತಾತ, ಇವರೆಲ್ಲ ಐದಕ್ಕೆ ಮುಂಚೆ ಬಂದೋರು. ಇವರದು ಮುಗಿಸಿ ಮುಚ್ಚೋಣ" ಎಂದಿತು ಒಳಗಿನ ದನಿ.

ನನ್ನ ಸರದಿ ಬಂದಾಗ ದೊಡ್ಡಮ್ಮನನ್ನು ಕೈಹಿಡಿದು ಕರೆತಂದೆ. ಮೇಜಿನ ಬಲಗಡೆ ನಮ್ಮ ಅರ್ಜಿ, ಮೇಲೊಂದು ಕಾಗದದ ತೂಕದ ಕಲ್ಲು. ಆಕೆ ಅದನ್ನು ತೆಗೆದು, ಹಿಂಬದಿ ತಿರುಗಿಸಿ, ಘೋಷಣೆಯನ್ನು ದೊಡ್ಡಮ್ಮನಿಗೆ ಮೊದಲಿಂದ ಕೊನೆಯವರೆಗೆ ಓದಿ ಹೇಳಿದಳು. ಅರ್ಥವಾಯಿತಾ ಎಂದು ಕೇಳಿ, ಖಾಲಿ ಜಾಗ ತುಂಬಿಸಿ, ಸಹಿ ಹಾಕಿಸಿಕೊಂಡು, ಪಕ್ಕದಲ್ಲಿ ತಾನೂ ಸಹಿ ಮಾಡಿದಳು. ಮೊಹರಿನ ಕೆಳಗೆ ಅವತ್ತಿನ ತಾರೀಕು ಬರೆದಳು.

"ಅಕ್ಕಾ, ಆ ದೂರು ಬರ್ದೋಳು ನಾನು" ಎಂದೆ.

"ಹೌದಾ? ಮೂರು ದಿನದಿಂದ ಕಾಯ್ತಿದ್ದೆ."

"ಮನೆಗೆ ಕಾಗದ ಹಾಕದೆ ಆ ಪುಸ್ತಕದಲ್ಲಿ ಯಾಕೆ ಬರೆದ್ರಿ? ನಾನು ನೋಡ್ದೇ ಹೋಗಿದ್ರೆ?"

"ಕಾಗದ ಹಾಕಿದೀನಮ್ಮ, ಅದು ಒಳಗಿಂದ ಹೊರಡೋದೇ ವಾರ ಆಗುತ್ತೆ. ಅಷ್ಟು ಸಿಟ್ಟಲ್ಲಿ ಬರ್ದೋಳು ಉತ್ತರ ಏನು ಕೊಟ್ರು ಅಂತ ನೋಡೋಕೆ ಬಂದೇ ಬರ್ತಾಳೆ ಅಂದ್ಕೊಂಡೆ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ?" ಎಂದು ನಕ್ಕಳು. ನಾಲ್ಕು ದಿನ ಆಮೆ ಎಂದು ಕರೆದಿದ್ದೆ, ಮುಖ ಸರಿಯಾಗಿ ನೋಡಿದ್ದು ಅವತ್ತೇ.

ದೊಡ್ಡಮ್ಮ ನೋಡುತ್ತಿದ್ದದ್ದು ಮುಖವನ್ನಲ್ಲ, ರವಿಕೆಯ ತೋಳನ್ನು. ಬಲತೋಳು ಮೊಣಕೈ ಹತ್ತಿರ ನೂಲು ಬಿಟ್ಟು ತೆಳ್ಳಗಾಗಿತ್ತು. ಜಾಲರಿಯ ತೂತಿನವರೆಗೆ ಬಗ್ಗಿ ಬಗ್ಗಿ ಮರಕ್ಕೆ ತೇದದ್ದು. "ನಾಳೆ ಅದನ್ನ ನನ್ನ ಮಳಿಗೆಗೆ ತಾಮ್ಮ. ಒಳಗಿಂದ ಪಟ್ಟಿ ಕೊಟ್ಟು ಹೊಲೀತೀನಿ."

"ಬೇಡಮ್ಮ, ಲಂಚ ಆಗುತ್ತೆ."

"ಹಾಗಾದ್ರೆ ಹೊಲಿಗೆ ದುಡ್ಡು ಕೊಡು. ಸಾಲಿನಲ್ಲೂ ನಿಂತ್ಕೋಬೇಕು. ನನ್ನ ಹತ್ರಾನೂ ಸಾಲಿದೆ, ನಾನೂ ನಿಧಾನ."

ಇಬ್ಬರೂ ನಗುವಾಗ ನಾನು ಜಾಲರಿ ಹಿಡಿದುಕೊಂಡು ಗಳಗಳನೆ ಅತ್ತೆ. "ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಕ್ಕಾ" ಎಂದೆ. ಆಕೆ, "ಆಯ್ತಮ್ಮ, ಹಿಂದೆ ಇನ್ನೂ ಒಬ್ಬರಿದ್ದಾರೆ" ಎಂದಳು.

ಶನಿವಾರ ಸಾಹೇಬರು ಪುಸ್ತಕ ತೆರೆದರು. ಎಂಬತ್ತೆಂಟರಿಂದ ನೂರಾ ಇಪ್ಪತ್ತೆಂಟರವರೆಗೆ ನಲವತ್ತೊಂದು ಹಾಳೆ. ಪ್ರತಿಯೊಂದರ ಹಿಂದೆಯೂ ಅವರು ಕೈಯಾರೆ ಷರಾ ಬರೆಯಲೇಬೇಕು ಎಂಬುದು ಅವರದೇ ಕಚೇರಿಯ ನಿಯಮ. ಮಧ್ಯಾಹ್ನದವರೆಗೆ ಬರೆದರಂತೆ, ಬೆರಳು ನೋಯುತ್ತದೆಂದು ಗೊಣಗಿದರಂತೆ. ನನ್ನ ಹಾಳೆಯ ಹಿಂದೆ ಅವರು ಬರೆದದ್ದು ಇಷ್ಟು: 'ಇವರನ್ನು ಎರಡನೇ ಕಿಟಕಿಯಲ್ಲೇ ಖಾಯಂ ಮಾಡಿದೆ. ಒಂದನೇ ಕಿಟಕಿಯವರೂ ಅರ್ಜಿ ಓದಿ ತೆಗೆದುಕೊಳ್ಳತಕ್ಕದ್ದು.' ಅಲ್ಲಿಂದಾಚೆಗೆ ಎಕ್ಸ್‌ಪ್ರೆಸ್ಸೂ ಪ್ಯಾಸೆಂಜರ್ ಆಯಿತು ಎಂದು ತಾತ ಹೇಳಿಕೊಂಡು ತಿರುಗಿದ.

ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಮೇಡಂಗೆ, "ದೊಡ್ಡ ಕೆಲಸ ಯಾವ್ದು ಅಂತ ಗೊತ್ತಾಯ್ತು" ಎಂದೆ. ಪರೀಕ್ಷೆ ಬರೆದು ಅದೇ ಕಚೇರಿ ಸೇರಿದೆ. ಹನ್ನೆರಡು ವರ್ಷ ಅಕ್ಕನ ಪಕ್ಕದ ಕಿಟಕಿಯಲ್ಲಿ ಕೂತೆ. ಅಕ್ಕ ನಿವೃತ್ತಳಾದ ಮೇಲೆ ಹತ್ತೊಂಬತ್ತು ವರ್ಷ ಅವಳ ಕುರ್ಚಿಯಲ್ಲೇ ಕೂತೆ. ಸಾಲಿನವರು ನನ್ನನ್ನು 'ಮರಿ ಆಮೆ' ಎಂದರು. ನನಗೆ ಸಿಕ್ಕ ಬಿರುದುಗಳಲ್ಲಿ ನಾನು ಸಿಟ್ಟಾಗದೆ ಇಟ್ಟುಕೊಂಡದ್ದು ಅದೊಂದನ್ನೇ. ದೊಡ್ಡಮ್ಮ ಕೊನೆಯವರೆಗೆ ತನ್ನ ಹೆಸರಿನ ಮಳಿಗೆಯಲ್ಲೇ ಮೆಷಿನ್ ತುಳಿದಳು. ಈಗ ಮೂವರೂ ಇಲ್ಲ, ದೊಡ್ಡಮ್ಮ, ಮೇಡಂ, ಅಕ್ಕ. ನಾನು ನಿಂತಿರುವುದು ಆ ಮೂವರು ಕೊಟ್ಟ ನೆಲದ ಮೇಲೆ.

ಆ ಪುಸ್ತಕ ಈಗ ದಾಖಲೆ ಕೋಣೆಯಲ್ಲಿದೆ, ಯಾರು ಕೇಳಿದರೂ ತೋರಿಸುತ್ತಾರೆ. ಸಾಲಿನಲ್ಲಿ ನಿಲ್ಲಲು ಡಿಗ್ರಿ ಬೇಕಾ ಎಂದು ಕೇಳಿದ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. ಯಾರದೋ ಅಜ್ಜಿಯ ಪರವಾಗಿ ನಿಂತು ಬಂದಿದ್ದಾಳೆ, ಭಾರಿ ಸಿಟ್ಟಿನಲ್ಲಿದ್ದಾಳೆ. "ಎಂಥಾ ಸ್ಲೋ ಮೇಡಂ ಅವರು! ದೂರು ಬರ್ದೇ ಬಂದೆ" ಎಂದಳು. ನಾನು ಬೈಯಲಿಲ್ಲ. ಎಂಬತ್ತೇಳನೇ ಹಾಳೆ ತೆಗೆಸಿ ಓದು ಎಂದೆ, ನನ್ನ ಅಕ್ಷರ ಚೆನ್ನಾಗಿದೆ ಅಂತ ಅಲ್ಲಿಗೇ ನಿಲ್ಲಿಸಬೇಡ, ತಿರುಗಿಸಿ ಹಿಂದೆ ಬರೆದಿರೋದನ್ನೂ ಓದು ಎಂದೆ. ಈಗ ಅವಳ ಫೋನಿಗಾಗಿ ಕಾಯುತ್ತಿದ್ದೇನೆ. ಬಂದೇ ಬರುತ್ತದೆ.